ಸುನೀಲ ಜೋಶಿಯವರು ಬಿಟ್ಟ ದಾಯವು ಯಾರ ಪಾಲಿನದು?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುಶಿಕ್ಷಿತ ಮನೆಗಳಲ್ಲಿ ಕ್ರಿಕೆಟ್ಟಿನ ಮಾತು ಬಂದಾಗಲೆಲ್ಲ ಒಂದು ತೀರ್ಪು ಬಲು ಸಲೀಸಾಗಿ ಹೊರಬೀಳುತ್ತಿರುತ್ತದೆ. “ಗದುಗಿನ ಸುನೀಲ ಜೋಶಿಯವರೇ? ಒಳ್ಳೆಯ ಆಟಗಾರರೇನೋ ಹೌದು. ಆದರೆ ಆಡಿದ್ದು ಹದಿನೈದೇ ಟೆಸ್ಟ್ ಪಂದ್ಯ. ಒಂದು ದಿನ ನೈರೋಬಿಯಲ್ಲಿ ದೈವವು ಕೈಹಿಡಿಯಿತು; ಇನ್ನೊಂದು ದಿನ ಢಾಕಾದಲ್ಲಿ ಹಸುಗೂಸಿನಂಥ ತಂಡವು ಎದುರಿಗೆ ಸಿಕ್ಕಿತು. ಮಿಕ್ಕಂತೆ ಕುಂಬಳೆಯವರ ನೆರಳಿನಲ್ಲಿ ಬಂದರು, ನೆರಳಿನಲ್ಲಿಯೇ ಹೋದರು.” ಇಷ್ಟು ಹೇಳಿ ಚಹದ ಕಪ್ಪನ್ನು ಕೆಳಗಿಟ್ಟರೆ ಒಬ್ಬ ಮನುಷ್ಯನ ಎರಡು ದಶಕಗಳ ಸಮೀಪದ ದುಡಿಮೆಯ ಲೆಕ್ಕವು ಮುಗಿದಂತೆಯೇ ಸರಿ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯು ಈ ನಾಡಿನಲ್ಲಿಯೇ ಹುಟ್ಟಿತೆಂದು ತೋರುತ್ತದೆ. ಮುಂಬಯಿಯವನಿಗೆ ಮುಂಬಯಿಯವರು, ದಿಲ್ಲಿಯವನಿಗೆ ದಿಲ್ಲಿಯವರು ಹೊಗಳುಭಟರಾಗಿ ನಿಲ್ಲುವಾಗ, ಗದುಗಿನವನನ್ನು ಅಳೆಯಲಿಕ್ಕೆ ಬೆಳಗಾವಿ ಜಿಲ್ಹೆಯವರೇ ಮೋಟು ಗಜಕಡ್ಡಿಯನ್ನು ಹಿಡಿಯುವದು ವಿಚಿತ್ರವಾದರೂ ನಿಜ. ಈ ಲೇಖನದ ಉದ್ದೇಶವು ಹೊಗಳಿಕೆಯಲ್ಲ. ಆ ಗಜಕಡ್ಡಿಯು ಮೋಟೆಂಬದನ್ನು ತೋರಿಸುವದೂ, ಜೋಶಿಯವರು ಬಿಟ್ಟದ್ದೇನು, ಅದು ಯಾರಿಗೆ ತಲುಪಬೇಕಾಗಿತ್ತು, ಯಾಕೆ ತಲುಪಲಿಲ್ಲವೆಂಬದನ್ನು ವಿಚಾರಿಸುವದೂ ಇದರ ಉದ್ದೇಶವು.

ಮೊದಲು ಲಕ್ಷಣದ ವಿಚಾರ. ಯಾವ ವಸ್ತುವಿಗಾದರೂ ಲಕ್ಷಣವನ್ನು ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳು ಇರಬಾರದೆಂಬದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. “ಹೆಚ್ಚು ಟೆಸ್ಟ್ ಪಂದ್ಯಗಳನ್ನು ಆಡಿದವನೇ ದೊಡ್ಡ ಆಟಗಾರನು” ಎಂಬದು ಲಕ್ಷಣವಾದರೆ ರಾಜೇಂದ್ರ ಗೋಯಲ್ ಅವರ ಗತಿಯೇನು? ರಣಜಿ ಪಂದ್ಯಗಳಲ್ಲಿ 637 ವಿಕೆಟ್ಟುಗಳನ್ನು ಕಿತ್ತು, ಆ ಪಂದ್ಯಾವಳಿಯ ಇತಿಹಾಸದಲ್ಲಿ ಎಲ್ಲರಿಗಿಂತಲೂ ಮೇಲೆ ನಿಂತ ಆ ಎಡಗೈ ಎಸೆಗಾರರು ಒಂದೇ ಒಂದು ಟೆಸ್ಟ್ ಪಂದ್ಯವನ್ನೂ ಆಡಲಿಲ್ಲ. ಮುಂಬಯಿಯ ಪದ್ಮಾಕರ ಶಿವಲಕರರೂ ಎಡಗೈ ಎಸೆಗಾರರೇ. ಅವರಿಗೂ ಅದೇ ಹಣೆಬರಹ. ಬಿಷನ್‌ಸಿಂಗ್ ಬೇಡಿಯವರ ಕಾಲದಲ್ಲಿ ಹುಟ್ಟಿದ್ದೇ ಅವರಿಬ್ಬರ ಅಪರಾಧವು. ಇವರನ್ನು ಹೊರಗೆ ಬಿಡುವ ಲಕ್ಷಣವು ಅವ್ಯಾಪ್ತಿದೋಷದಿಂದ ಕೂಡಿದ್ದೆಂದು ಬೇರೆ ಹೇಳಬೇಕಾಗಿಲ್ಲ. ಟೆಸ್ಟ್ ಪಂದ್ಯಗಳ ಸಂಖ್ಯೆಯು ಆಟಗಾರನ ಶಕ್ತಿಯೊಂದನ್ನೇ ಹೇಳುವದಿಲ್ಲ; ಅವನ ಕಾಲ, ಅವನ ಎದುರಾಳಿಗಳು, ಆರಿಸುವವರ ಮನಸ್ಸು, ಇವೆಲ್ಲವುಗಳ ಮೊತ್ತವನ್ನು ಹೇಳುತ್ತದೆ.

ಎರಡನೆಯದಾಗಿ ಹೆಸರಿನ ವಿಚಾರ. ಚೆಂಡನ್ನೂ ದಾಂಡನ್ನೂ ಸಮನಾಗಿ ಬಲ್ಲವನಿಗೆ ವೃತ್ತಪತ್ರಗಳು ‘ಸವ್ಯಸಾಚಿ’ ಎಂಬ ಬಿರುದನ್ನು ಕೊಟ್ಟಿವೆ. ಸವ್ಯವೆಂದರೆ ಎಡಗೈ, ಎಡಗೈಯಿಂದಲೂ ಬಾಣವನ್ನು ಬಿಡಬಲ್ಲವನಾದ್ದರಿಂದ ಅರ್ಜುನನು ಸವ್ಯಸಾಚಿಯಾದನು. ಅಂದರೆ ಒಂದೇ ವಿದ್ಯೆಯಲ್ಲಿ ಎರಡು ಕೈಗಳ ನೈಪುಣ್ಯವೇ ಹೊರತು ಎರಡು ವಿದ್ಯೆಗಳ ನೈಪುಣ್ಯವಲ್ಲ. ಜೋಶಿಯವರಾದರೋ ಚೆಂಡನ್ನೆಸೆದದ್ದೂ ಎಡಗೈಯಿಂದ, ದಾಂಡು ಹಿಡಿದದ್ದೂ ಎಡಗೈ ಆಟಗಾರರಾಗಿ. ಆದ್ದರಿಂದ ಶಬ್ದಾರ್ಥವು ಪೂರ್ತಿ ಹೊಂದದಿದ್ದರೂ ಸವ್ಯದ ಸಂಬಂಧವು ಅವರಿಗೆ ಮಿಕ್ಕವರಿಗಿಂತ ಚೆನ್ನಾಗಿಯೇ ಹೊಂದುತ್ತದೆ. ಬಿರುದು ಹೇಗೇ ಇರಲಿ, ಎರಡು ವಿದ್ಯೆಗಳನ್ನು ಅವರು ಎಷ್ಟರ ಮಟ್ಟಿಗೆ ಸಾಧಿಸಿದರೆಂಬದೇ ಪ್ರಸ್ತುತ ಪ್ರಶ್ನೆ.

ಸುನೀಲ ಬಂಡಾಚಾರ್ಯ ಜೋಶಿಯವರು ಹುಟ್ಟಿದ್ದು 1970ನೆಯ ಇಸವಿ ಜೂನ್ 6ರಂದು, ಗದುಗಿನಲ್ಲಿ. ವೀರನಾರಾಯಣನ ಗುಡಿಗೂ ಕುಮಾರವ್ಯಾಸನ ಹೆಸರಿಗೂ ಪ್ರಸಿದ್ಧವಾದ ಆ ಊರು ಕ್ರಿಕೆಟ್ಟಿಗೆ ಎಂದೂ ಪ್ರಸಿದ್ಧವಾದದ್ದಲ್ಲ. ಬಾಲಕನಾಗಿದ್ದಾಗ ಅವರು ಬೆಳಗಿನಲ್ಲಿಯೇ ಎದ್ದು ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ವೇಳೆಗೆ ತಿರುಗಿ ಊರನ್ನು ಸೇರುತ್ತಿದ್ದರೆಂಬ ಸಂಗತಿಯು ಅವರನ್ನು ಕುರಿತು ಬರೆದವರೆಲ್ಲರೂ ಹೇಳುವ ಮಾತು. ಹೇಳುವವರು ಇದನ್ನೊಂದು ಅಲಂಕಾರದಂತೆ ಹೇಳಿ ಮುಂದೆ ಸಾಗುತ್ತಾರೆ. ಆದರೆ ಮುಂದಿನ ವಿಚಾರಕ್ಕೆಲ್ಲ ಇದೇ ಅಡಿಗಲ್ಲಾಗಿದೆ. ವಾಚಕರು ಇದನ್ನು ನೆನಪಿನಲ್ಲಿಡಬೇಕು.

1995-96ನೆಯ ಸಾಲಿನಲ್ಲಿ ಕರ್ನಾಟಕವು ಹದಿಮೂರು ವರುಷಗಳ ತರುವಾಯ ರಣಜಿ ಪಾರಿತೋಷಕವನ್ನು ಗೆದ್ದಿತು. ಆ ಒಂದೇ ಸಾಲಿನಲ್ಲಿ ಜೋಶಿಯವರು ಮಾಡಿದ ಓಟಗಳು 529. ಪಡೆದ ವಿಕೆಟ್ಟುಗಳು 52. ಒಂದು ರಣಜಿ ಸಾಲಿನಲ್ಲಿ ಐನೂರು ಓಟಗಳನ್ನೂ ಐವತ್ತು ವಿಕೆಟ್ಟುಗಳನ್ನೂ ಕೂಡಿಯೇ ಪಡೆದವರು ತೀರ ವಿರಳ. ಮುಂದೆ 1997-98, 1998-99ರಲ್ಲಿಯೂ ಕರ್ನಾಟಕವೇ ಗೆದ್ದಿತು. ನಾಲ್ಕು ವರುಷಗಳಲ್ಲಿ ಮೂರು ಸಲ ರಾಜ್ಯಕ್ಕೆ ಆ ಕೀರ್ತಿಯು ಬಂದಾಗ, ಕುಂಬಳೆ, ಶ್ರೀನಾಥ, ಪ್ರಸಾದ, ದ್ರಾವಿಡರು ಮೇಲಿಂದ ಮೇಲೆ ರಾಷ್ಟ್ರದ ಕೆಲಸಕ್ಕೆ ಹೊರಗೆ ಹೋಗುತ್ತಿದ್ದರು. ಮನೆಯ ಹಿರಿಯ ಮಕ್ಕಳು ಪರಸ್ಥಳಕ್ಕೆ ಹೋದಾಗ ಹೊಲವನ್ನು ಉತ್ತು ಬಿತ್ತಿದವನ ಹೆಸರು ಊರಿನ ಬಾಯಲ್ಲಿ ಬರುವದಿಲ್ಲ. ಆದರೆ ಕಣಜವು ತುಂಬಿದ್ದು ಅವನಿಂದಲೇ. ಪ್ರಥಮ ದರ್ಜೆಯ 160 ಪಂದ್ಯಗಳಲ್ಲಿ 615 ವಿಕೆಟ್ಟು, 5129 ಓಟ: ಈ ಅಂಕೆಗಳನ್ನು ಎದುರಿಗಿಟ್ಟುಕೊಂಡು “ಒಳ್ಳೆಯ ಆಟಗಾರರೇನೋ ಹೌದು” ಎಂದು ಉದಾಸೀನದಿಂದ ನುಡಿಯುವದು ನ್ಯಾಯವೇ?

ಇನ್ನು ನೈರೋಬಿ. 1999ರ ಸಪ್ಟಂಬರ 26ರಂದು ದಕ್ಷಿಣ ಆಫ್ರಿಕದ ಮೇಲೆ ಆಡಿದ ಏಕದಿನ ಪಂದ್ಯದಲ್ಲಿ ಜೋಶಿಯವರು ಹತ್ತು ಓವರು ಎಸೆದರು. ಅದರಲ್ಲಿ ಆರರಲ್ಲಿ ಒಂದು ಓಟವೂ ಬರಲಿಲ್ಲ. ಒಟ್ಟು ಕೊಟ್ಟ ಓಟ ಆರು. ಕಿತ್ತ ವಿಕೆಟ್ಟು ಐದು. ಆ ತಂಡವು 117ಕ್ಕೆ ಮುಗಿಯಿತು. ಕ್ರೋನ್ಯೆ, ರೋಡ್ಸರಂಥ ದಾಂಡಿಗರಿದ್ದ ತಂಡವದು. ಯಾರೋ ಹಾದಿಹೋಕರ ಗುಂಪಲ್ಲ. ಇದನ್ನು ಕಾಕತಾಲೀಯವೆನ್ನುತ್ತಾರೆ. ಕಾಗೆಯು ಬಂದು ಕೂಡ್ರುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಒಮ್ಮೆ ಗಂಟು ಬೀಳಬಹುದು, ಒಪ್ಪತಕ್ಕದ್ದೇ. ಆದರೆ ಅರವತ್ತು ಎಸೆತಗಳಲ್ಲಿ ಅರವತ್ತು ಸಲವೂ ಕಾಗೆಯೇ ಕೂತಿತೆಂದು ವಾದಿಸುವದು ಹೇಗೆ? ಒಂದು ವಿಕೆಟ್ಟು ಅದೃಷ್ಟದಿಂದ ಬಂದೀತು. ಆರು ಓವರುಗಳ ಮೌನವು ಅದೃಷ್ಟದಿಂದ ಬರಲಾರದು. ಅದು ಹುಬ್ಬಳ್ಳಿಯ ಬೆಳಗುಗಳಲ್ಲಿ ಕೈಗೆ ಬಂದ ಹಿಡಿತದ ಫಲವು.

ಢಾಕಾದ ಆಕ್ಷೇಪವು ಇನ್ನೂ ದುರ್ಬಲವಾದದ್ದು. 2000ನೆಯ ಇಸವಿಯ ನವೆಂಬರದಲ್ಲಿ ಬಾಂಗ್ಲಾದೇಶವು ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನಾಡಿತು. ಎದುರಾಳಿಯು ಹಸುಗೂಸೆಂಬದು ನಿಜವಾಗಿದ್ದರೆ ಆ ಕೂಸು ಮೊದಲನೆಯ ಸರದಿಯಲ್ಲಿ 400 ಓಟಗಳನ್ನು ಹೊಡೆಯುತ್ತಿರಲಿಲ್ಲ; ಅಮೀನುಲ್ ಇಸ್ಲಾಂ ಅವರು 145 ಹೊಡೆಯುತ್ತಿರಲಿಲ್ಲ. ಆ ಸರದಿಯಲ್ಲಿ ಐದು ವಿಕೆಟ್ಟು ಪಡೆದವರು ಜೋಶಿಯವರು. ತಿರುಗಿ ಭಾರತದ ಸರದಿ ಬಂದಾಗ, ತೆಂಡೂಲ್ಕರ, ದ್ರಾವಿಡರು ಸೇರಿ ಆರು ಜನರು ಹೊರಬಿದ್ದು ಆ ನಾಲ್ಕುನೂರು ಇನ್ನೂ ದೂರದಲ್ಲಿರುವಾಗ ನಾಯಕ ಗಂಗೂಲಿಯವರ ಸಂಗಡ ನಿಂತು 92 ಓಟಗಳನ್ನು ಮಾಡಿದವರೂ ಅವರೇ. ಭಾರತವು 429ಕ್ಕೆ ಮುಟ್ಟಿತು. ಎರಡನೆಯ ಸರದಿಯಲ್ಲಿ ಇನ್ನೂ ಮೂರು ವಿಕೆಟ್ಟು. ಬಾಂಗ್ಲಾದೇಶವು 91ಕ್ಕೆ ಮುಗಿಯಿತು. ಪಂದ್ಯಪುರುಷರಾಗಿ ಜೋಶಿಯವರೇ ಆರಿಸಲ್ಪಟ್ಟರು. ಗಂಗೂಲಿಯವರು ಟೆಸ್ಟ್ ತಂಡದ ನಾಯಕರಾಗಿ ಗೆದ್ದ ಮೊದಲನೆಯ ಪಂದ್ಯವಿದು. ಗಂಗೂಲಿಯುಗವೆಂದು ಹೊಗಳಿ ಬರೆಯುವವರು ಅದರ ಮೊದಲ ಗೆಲುವಿನ ಕರ್ತೃವು ಯಾರೆಂಬದನ್ನು ಬರೆಯುವಾಗ ಮಾತ್ರ ಲೇಖನಿಯನ್ನು ಮಸಿಯಲ್ಲಿ ಅದ್ದಲು ಮರೆಯುತ್ತಾರೆ. ಅದೇ ತಿಂಗಳು ಜಿಂಬಾಬ್ವೆಯ ಮೇಲೆ ಆಡಿದ ಸರಣಿಯೇ ಜೋಶಿಯವರ ಟೆಸ್ಟ್ ಜೀವನದ ಕೊನೆಯದಾಯಿತೆಂಬದನ್ನು ಕೂಡಿಸಿ ಓದಿದರೆ, ಹದಿನೈದು ಎಂಬ ಸಂಖ್ಯೆಯು ಯಾರನ್ನು ದೂಷಿಸುತ್ತದೆಂಬದು ವಾಚಕರಿಗೆ ತಾನೇ ತಿಳಿಯುವದು.

ಹೀಗೆಂದ ಮಾತ್ರಕ್ಕೆ ಅವರನ್ನು ಕಪಿಲದೇವರ ಸಾಲಿನಲ್ಲಿ ಕೂಡ್ರಿಸಬೇಕೆಂದಲ್ಲ. ಟೆಸ್ಟ್ ಪಂದ್ಯಗಳಲ್ಲಿ ಅವರ 41 ವಿಕೆಟ್ಟುಗಳಿಗೆ ಸರಾಸರಿ ಮೂವತ್ತೈದಕ್ಕಿಂತ ಮೇಲೆ ಓಟಗಳು ವೆಚ್ಚವಾಗಿವೆ. ದಾಂಡಿನ ಸರಾಸರಿಯು ಇಪ್ಪತ್ತರ ಆಸುಪಾಸಿನದು. ಢಾಕಾದ 92ನ್ನು ಬಿಟ್ಟರೆ ಐವತ್ತನ್ನು ದಾಟಿದ ಆಟವು ಇನ್ನೊಂದಿಲ್ಲ. ಏಕದಿನದ 69 ಪಂದ್ಯಗಳಲ್ಲಿ 69 ವಿಕೆಟ್ಟುಗಳೆಂಬದು ಮರ್ಯಾದೆಯ ಲೆಕ್ಕವೇ ಹೊರತು ಬೆರಗಿನ ಲೆಕ್ಕವಲ್ಲ. ಬೆಂಗಳೂರಿನ ರೋಜರ್ ಬಿನ್ನಿಯವರು 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ಟು ಪಡೆದು ಎಲ್ಲರಿಗಿಂತ ಮುಂದೆ ನಿಂತಂಥ ಒಂದು ಶಿಖರವು ಜೋಶಿಯವರಿಗೆ ದೊರೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುವದರಿಂದ ಮನುಷ್ಯನು ಚಿಕ್ಕವನಾಗುವದಿಲ್ಲ. ಆದರೆ ಈ ಅಂಕೆಗಳ ಹತ್ತಿರವೇ ನಿಂತುಬಿಡುವವರು ಅರ್ಧ ಪುಸ್ತಕವನ್ನೋದಿ ವಿಮರ್ಶೆ ಬರೆದಂತಾಗುವದು. ಏಕೆಂದರೆ ಜೋಶಿಯವರ ಜೀವನದ ಉತ್ತರಾರ್ಧವು ಇನ್ನೂ ಉಳಿದಿದೆ.

ಧನವು ಕೊಟ್ಟಷ್ಟು ಕಡಿಮೆಯಾಗುವದು, ವಿದ್ಯೆಯು ಕೊಟ್ಟಷ್ಟು ಬೆಳೆಯುವದೆಂಬದು ಹಳೆಯ ಮಾತು. ಆಟ ಬಿಟ್ಟ ಮೇಲೆ ಜೋಶಿಯವರು ಬೆಂಗಳೂರಿನಲ್ಲಿ ಕುಳಿತು ಸನ್ಮಾನದ ಶಾಲುಗಳನ್ನು ಎಣಿಸಲಿಲ್ಲ. ಯಾರಿಗೂ ಬೇಡವಾದ ತಂಡಗಳಿಗೆ ಕಲಿಸಲು ಹೋದರು. 2014ರ ಡಿಸೆಂಬರದಲ್ಲಿ ಜಮ್ಮು-ಕಾಶ್ಮೀರದ ತಂಡವು ಮುಂಬಯಿಯನ್ನು ಅದರ ವಾಂಖೇಡೆ ಅಂಗಣದಲ್ಲಿಯೇ ಸೋಲಿಸಿತು. ಮುಂಬಯಿಯು ಆಗ ನಲವತ್ತು ಸಲ ರಣಜಿ ಗೆದ್ದ ತಂಡ; ಕಾಶ್ಮೀರದ ಹುಡುಗರು ಅದೇ ವರುಷ ಜಲಪ್ರಳಯದಿಂದ ನೊಂದವರು. ಅವರ ಗುರುಗಳು ಗದುಗಿನ ಜೋಶಿಯವರು. 2017ರಿಂದ 2019ರ ವರೆಗೆ ಬಾಂಗ್ಲಾದೇಶದ ಸ್ಪಿನ್ ಎಸೆಗಾರರಿಗೆ ಅವರು ಶಿಕ್ಷಕರಾಗಿದ್ದರು. 2017ರ ಆಗಸ್ಟಿನಲ್ಲಿ ಆ ದೇಶವು ಆಸ್ಟ್ರೇಲಿಯವನ್ನು ಟೆಸ್ಟಿನಲ್ಲಿ ಮೊದಲ ಸಲ ಸೋಲಿಸಿತು. 2018ರಲ್ಲಿ ವೆಸ್ಟ್ ಇಂಡೀಸಿನ ಮೇಲೆ ಎರಡೂ ಟೆಸ್ಟುಗಳನ್ನು ಗೆದ್ದಾಗ ಬಿದ್ದ ನಲವತ್ತು ವಿಕೆಟ್ಟುಗಳೂ ಸ್ಪಿನ್ ಎಸೆಗಾರರ ಪಾಲಾದವು. ಯಾವ ತಂಡದ ಮೊದಲ ಟೆಸ್ಟಿನಲ್ಲಿ ಎಂಟು ವಿಕೆಟ್ಟುಗಳನ್ನು ಕಿತ್ತಿದ್ದರೋ ಅದೇ ತಂಡಕ್ಕೆ ಆ ವಿದ್ಯೆಯನ್ನು ಧಾರೆಯೆರೆದವರ ಲೆಕ್ಕವನ್ನು ಯಾವ ಸರಾಸರಿಯ ಕೋಷ್ಟಕದಲ್ಲಿ ಬರೆಯುವದು?

2020ರ ಮಾರ್ಚದಲ್ಲಿ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ವರುಷದ ಅಕ್ಟೋಬರದಲ್ಲಿ ಅವರ ಸಮಿತಿಯು ಆರಿಸಿದ ತಂಡವೇ ಆಸ್ಟ್ರೇಲಿಯದಲ್ಲಿ ಮೊದಲು 36 ಓಟಗಳಿಗೆ ಮುಗಿದು ನಗೆಗೀಡಾಯಿತು. ತರುವಾಯ 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಗೆದ್ದು ಸರಣಿಯನ್ನು ಕೈವಶ ಮಾಡಿಕೊಂಡಿತು. ಹೈದರಾಬಾದಿನ ಆಟೋ ಚಾಲಕರ ಮಗನಾದ ಮಹಮ್ಮದ ಸಿರಾಜರು ಆ ಸರಣಿಯಲ್ಲಿ ಭಾರತದ ಪರವಾಗಿ ಎಲ್ಲರಿಗಿಂತ ಹೆಚ್ಚು, ಅಂದರೆ 13 ವಿಕೆಟ್ಟುಗಳನ್ನು ಪಡೆದರು. ಐವರ ಸಮಿತಿಯ ಕೀರ್ತಿಯನ್ನೆಲ್ಲ ಒಬ್ಬರ ತಲೆಗೆ ಕಟ್ಟುವದು ಸಲ್ಲದು, ಪಾಲನ್ನಂತೂ ಕೊಡಲೇಬೇಕು. ಆದರೆ ಆ ಗೆಲುವು ಬರುವದಕ್ಕೆ ಮುಂಚೆಯೇ, ಡಿಸೆಂಬರದಲ್ಲಿ, ಅಧ್ಯಕ್ಷ ಸ್ಥಾನವು ಚೇತನ ಶರ್ಮರಿಗೆ ಹೋಯಿತು. ಕಾರಣವೇನು? ಹೆಚ್ಚು ಟೆಸ್ಟ್ ಪಂದ್ಯಗಳನ್ನಾಡಿದವನೇ ಹಿರಿಯನೆಂಬ ನಿಯಮವು. ಶರ್ಮರದು 23, ಜೋಶಿಯವರದು 15. ಅದೇ ಅವ್ಯಾಪ್ತಿದೋಷವುಳ್ಳ ಲಕ್ಷಣವು ಹರಟೆಯ ಕಟ್ಟೆಯಿಂದೆದ್ದು ಸಂವಿಧಾನದ ಕಲಮಾಗಿ ಕುಳಿತದ್ದಕ್ಕೆ ಇದಕ್ಕಿಂತ ನಿದರ್ಶನವು ಬೇಕೆ?

ಇಲ್ಲಿಗೆ ಪೂರ್ವಪಕ್ಷಕ್ಕೆ ಉತ್ತರವು ಮುಗಿಯಿತು. ನಿಜವಾದ ತಂಟೆಯು ಇನ್ನು ಮೇಲೆ. ಒಬ್ಬನ ಹಿರಿಮೆಯನ್ನು ಅವನ ಅಂಕೆಗಳಿಂದಷ್ಟೇ ಅಳೆದರೆ ಸಾಲದು, ಅವನು ಬಿಟ್ಟ ದಾಯದಿಂದ ಅಳೆಯಬೇಕು. ದಾಯದ ಮಾತು ಬಂದರೆ ಕನ್ನಡಿಗರು ಬೇರೆಯವರ ಮನೆಯ ಬಾಗಿಲಿಗೆ ಹೋಗಬೇಕಾಗಿಲ್ಲ. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ದಾಯವನ್ನು ಎರಡು ಬಗೆಯಾಗಿ ವಿಂಗಡಿಸಿದನು. ಹುಟ್ಟಿದ ಮಾತ್ರದಿಂದಲೇ ಹಕ್ಕಾಗಿ ಬರುವದು ಅಪ್ರತಿಬಂಧ ದಾಯ. ನಡುವಿನ ಅಡ್ಡಿಯು ತೊಲಗಿದ ಮೇಲೆಯೇ ಕೈಗೆ ಬರುವದು ಸಪ್ರತಿಬಂಧ ದಾಯ. ಜೋಶಿಯವರ ದಾಯಕ್ಕೆ ಈ ನ್ಯಾಯವನ್ನು ಹಚ್ಚಿ ನೋಡಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಕೂಸಿಗೆ ಅಂಗಣ, ಬಲೆ, ಗುರು, ಪಂದ್ಯ, ಆರಿಸುವವರ ಕಣ್ಣು, ಎಲ್ಲವೂ ಹುಟ್ಟಿನಿಂದಲೇ ಸಮೀಪ. ಅದಕ್ಕೆ ಇದು ಅಪ್ರತಿಬಂಧವು. ಮೂಡಲಗಿಯಲ್ಲಿ ಹುಟ್ಟಿದ ಕೂಸಿಗಾದರೋ ಅದೇ ಆಸ್ತಿಯು ಸಪ್ರತಿಬಂಧವು. ಆ ಪ್ರತಿಬಂಧಕ್ಕೆ ಹೆಸರು ದೂರ.

ರಾಜ್ಯ ಕ್ರಿಕೆಟ್ ಸಂಸ್ಥೆಯು ಹುಬ್ಬಳ್ಳಿಯ ರಾಜನಗರದಲ್ಲಿಯೂ ಬೆಳಗಾವಿಯ ಆಟೋನಗರದಲ್ಲಿಯೂ ಅಂಗಣಗಳನ್ನು ಕಟ್ಟಿದೆ. ಜೋಶಿಯವರ ಬಾಲ್ಯದಲ್ಲಿ ಇವು ಇರಲಿಲ್ಲವೆಂಬದನ್ನು ಕೃತಜ್ಞತೆಯಿಂದಲೇ ಸ್ಮರಿಸಬೇಕು. ಆದರೂ ಗೋಕಾಕದಿಂದ ಬೆಳಗಾವಿಯು ಸುಮಾರು 70 ಕಿಲೋಮೀಟರು. ಮೂಡಲಗಿಯಿಂದ ಅದಕ್ಕೂ ಹೆಚ್ಚು. ಹುಕ್ಕೇರಿಯಿಂದ ಸುಮಾರು 50. ಅಂದರೆ 1980ರ ಸುಮಾರಿಗೆ ಗದುಗಿನ ಹುಡುಗನ ಎದುರಿಗಿದ್ದ ಹಾದಿಯು ಎಷ್ಟು ಉದ್ದವಾಗಿತ್ತೋ ಇಂದು ಗೋಕಾಕದ ಹುಡುಗನ ಎದುರಿಗಿರುವ ಹಾದಿಯೂ ಅಷ್ಟೇ ಉದ್ದವಾಗಿದೆ. ಆ ಬಾಲಕನು ಕತ್ತಲೆಯಲ್ಲೆದ್ದು ಹೋದದ್ದನ್ನು ಭಾಷಣಗಳಲ್ಲಿ ಹೊಗಳುವವರಿಗೆ, ಆ ಹೊಗಳಿಕೆಯು ತಮಗೆ ಬಿದ್ದ ಛಡಿಯ ಏಟೆಂಬದು ಹೊಳೆಯುವದೇ ಇಲ್ಲ. ಒಬ್ಬನು ಮುಳ್ಳುಹಾದಿಯನ್ನು ತುಳಿದು ಊರು ಮುಟ್ಟಿದರೆ ಅವನ ಪಾದವನ್ನು ಪೂಜಿಸುವದೊಂದು ಗೌರವ. ಹಿಂದೆ ಬರುವವರ ಸಲುವಾಗಿ ಮುಳ್ಳನ್ನು ಕಡಿಯುವದು ನಿಜವಾದ ಗೌರವ. ಮೊದಲನೆಯದು ಅಗ್ಗವಾದದ್ದರಿಂದ ಎಲ್ಲರೂ ಅದನ್ನೇ ಮಾಡುತ್ತಾರೆ.

ಈ ಮೂರು ತಾಲೂಕುಗಳಲ್ಲಿ ಕ್ರಿಕೆಟ್ಟಿನ ಹುಚ್ಚಿಗೇನೂ ಬರವಿಲ್ಲ. ಕಬ್ಬು ಕಡಿದ ಹೊಲಗಳಲ್ಲಿ, ಘಟಪ್ರಭೆಯ ದಂಡೆಯ ಬಯಲುಗಳಲ್ಲಿ, ಬಜಾರದ ಹಿಂದಿನ ಖಾಲಿ ಜಾಗಗಳಲ್ಲಿ ಹುಡುಗರು ಆಡುವದನ್ನು ಕಾಣದವರಾರು? ಮುಖಂಡರ ಹೆಸರಿನಲ್ಲಿ ಬಹುಮಾನದ ಪಂದ್ಯಾವಳಿಗಳು ನಡೆಯುತ್ತವೆ. ಹುಡುಗನ ಆಟಕ್ಕಿಂತ ದೊಡ್ಡದಾಗಿ ಮುಖಂಡರ ಮುಖವು ಫಲಕದ ಮೇಲೆ ಮೆರೆಯುತ್ತದೆ. ಆದರೆ ಆ ಪಂದ್ಯಗಳೆಲ್ಲ ಟೆನ್ನಿಸ್ ಚೆಂಡಿನವು. ತೊಗಲಿನ ಚೆಂಡಿನ ಹೊಲಿಗೆಯ ಮೇಲೆ ಬೆರಳಿಟ್ಟು ಅದನ್ನು ತಿರುಗಿಸುವ ವಿದ್ಯೆಯು ಟೆನ್ನಿಸ್ ಚೆಂಡಿನಿಂದ ಬರುವದಲ್ಲ. ಒಂದು ಸಂಜೆಯ ಬಹುಮಾನಕ್ಕೂ ಫಲಕಗಳಿಗೂ ಸುರಿಯುವ ಹಣದಿಂದ ನಾರಿನ ಚಾಪೆ ಹಾಸಿದ ಒಂದು ಅಂಕಣವನ್ನೂ, ಸುತ್ತಲೂ ಒಂದು ಬಲೆಯನ್ನೂ ಮಾಡಿಸಬಹುದು. ಅದು ವರುಷಗಟ್ಟಲೆ ಬಾಳುವದು. ಆದರೆ ಚಾಪೆಯ ಮೇಲೆ ಮುಖವನ್ನು ಮುದ್ರಿಸಲು ಬರುವದಿಲ್ಲವಲ್ಲ!

ಇಲ್ಲಿ ಎರಡು ಆಕ್ಷೇಪಗಳೇಳುವವು. ಕುಸ್ತಿ, ಕಬಡ್ಡಿ, ಖೋ-ಖೋಗಳ ಸೀಮೆಯಲ್ಲಿ ಪರದೇಶದ ಆಟದ ಸಲುವಾಗಿ ಇಷ್ಟು ಗೋಳೇಕೆಂಬದು ಮೊದಲನೆಯದು. ಬಯಲಿಗೆ ಜಾತಿಯಿಲ್ಲ, ಮಕ್ಕಳ ಸಲುವಾಗಿ ಉಳಿಸಿದ ಬಯಲಿನಲ್ಲಿ ಬೆಳಿಗ್ಗೆ ಕಬಡ್ಡಿ, ಸಂಜೆ ಕ್ರಿಕೆಟ್ಟು ನಡೆಯಲಿ. ಬಯಲೇ ಇಲ್ಲದೆ ಹೋದರೆ ಎರಡೂ ಇಲ್ಲ. 2009ರ ಶಿಕ್ಷಣ ಹಕ್ಕಿನ ಕಾಯದೆಯು ಪ್ರತಿಯೊಂದು ಶಾಲೆಗೂ ಆಟದ ಬಯಲು ಇರತಕ್ಕದ್ದೆಂದು ತನ್ನ ಪರಿಶಿಷ್ಟದಲ್ಲಿಯೇ ವಿಧಿಸಿದೆ. ಕಾಯದೆಯಲ್ಲಿದ್ದ ಬಯಲು ಕಣ್ಣಿಗೆ ಕಾಣದಿದ್ದರೆ ಕೇಳುವ ಹಕ್ಕು ತಾಯಿತಂದೆಗಳಿಗಿದೆ. ಕೇಳುವ ಬಾಯಿಯೇ ಇಲ್ಲ.

ಎರಡನೆಯ ಆಕ್ಷೇಪವು ಸುಶಿಕ್ಷಿತ ಮನೆಗಳದು: ಆಟದಿಂದ ಓದು ಕೆಡುವದು, ಸಾವಿರದಲ್ಲೊಬ್ಬನು ಜೋಶಿಯಾದಾನು, ಮಿಕ್ಕವರ ಗತಿಯೇನು? ಈ ನ್ಯಾಯದಿಂದ ಸಂಗೀತವನ್ನೂ ಬಿಡಬೇಕು, ಕಾವ್ಯವನ್ನೂ ಬಿಡಬೇಕು. ಪಾಠಶಾಲೆಗೆ ಹೋದವರೆಲ್ಲ ಮಲ್ಲಿನಾಥರಾದರೇ? ಜೋಶಿಯವರು ಅಭ್ಯಾಸ ಮುಗಿಸಿ ಶಾಲೆಯ ವೇಳೆಗೆ ತಿರುಗಿ ಬರುತ್ತಿದ್ದರೆಂಬದನ್ನು ಇಂಥವರು ಮರೆಯುವದೇಕೆ? ಓದನ್ನು ಕೆಡಿಸುವದು ಆಟವಲ್ಲ. ಬಯಲಿಲ್ಲದ ಹುಡುಗನ ಕೈಗೆ ಇಡೀ ಸಂಜೆ ಮೊಬೈಲನ್ನು ಕೊಟ್ಟು ಕೂಡ್ರಿಸುವ ಮನೆಯು ಅದನ್ನು ಹೆಚ್ಚು ಕೆಡಿಸುತ್ತಿದೆ.

ಹೆಣ್ಣುಮಕ್ಕಳ ಮಾತನ್ನೂ ಇಲ್ಲಿ ಬಿಡಲಾಗದು. ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡರೂ ಎಡಗೈ ಸ್ಪಿನ್ ಎಸೆಗಾರರೇ. 2017ರ ಜುಲೈ 15ರಂದು ಇಂಗ್ಲಂಡಿನ ಡರ್ಬಿಯಲ್ಲಿ, ವಿಶ್ವಕಪ್ಪಿನ ಪಂದ್ಯದಲ್ಲಿ, ಅವರು 15 ಓಟಗಳನ್ನು ಕೊಟ್ಟು ನ್ಯೂಜೀಲಂಡದ ಐದು ವಿಕೆಟ್ಟುಗಳನ್ನು ಕಿತ್ತರು. ಭಾರತವು ಉಪಾಂತ್ಯಕ್ಕೆ ಹೋಯಿತು. ಗದುಗಿನಿಂದ ಒಬ್ಬರು, ವಿಜಯಪುರದಿಂದ ಒಬ್ಬರು ಬಂದ ಮೇಲೆ ಈ ಭೂಮಿಗೆ ಸತ್ವವಿಲ್ಲವೆಂಬ ಮಾತು ಇನ್ನು ನಿಲ್ಲಲಾರದು. ಸತ್ವವಿದೆ; ನೀರಿಲ್ಲ. ಹಿಡಕಲ್ಲಿನ ಅಣೆಕಟ್ಟಿನ ನೀರು ಕಾಲುವೆಗಳ ಮೂಲಕ ಬಂದ ಮೇಲೆ ಇದೇ ಒಣಸೀಮೆಯು ಕಬ್ಬಿನ ಸೀಮೆಯಾದದ್ದನ್ನು ಕಂಡ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗಬೇಕಾದದ್ದು ದೊಡ್ಡದೇನಲ್ಲ. ಮೂರೂ ತಾಲೂಕುಗಳಲ್ಲಿ ಒಂದೊಂದು ಚಾಪೆಯ ಅಂಕಣವೂ ಬಲೆಯೂ ಆಗಲಿ. ವಾರಕ್ಕೆರಡು ದಿನವಾದರೂ ಬೆಳಗಾವಿಯಿಂದ ಒಬ್ಬ ಶಿಕ್ಷಕರು ಬರಲಿ. ಎಪ್ಪತ್ತು ಕಿಲೋಮೀಟರನ್ನು ನೂರು ಮಕ್ಕಳು ದಾಟುವದಕ್ಕಿಂತ ಒಬ್ಬ ದೊಡ್ಡವರು ದಾಟುವದು ಸುಲಭ. ಹುಡುಗರನ್ನು ಆರಿಸುವ ಪರೀಕ್ಷೆಯನ್ನು ರಾಜ್ಯ ಸಂಸ್ಥೆಯು ವರುಷಕ್ಕೊಮ್ಮೆ ತಾಲೂಕಿನಲ್ಲಿಯೇ ನಡೆಸಲಿ. ಶಾಲೆಯ ಬಯಲಿನ ಮೇಲೆ ಕಟ್ಟಡವೇಳುವಾಗ, ಸಂತೆ ಕೂಡುವಾಗ, ಊರಿನ ನಾಲ್ಕು ಜನರು ಅರ್ಜಿಯನ್ನಾದರೂ ಬರೆಯಲಿ. ಇದಿಷ್ಟಕ್ಕೆ ಬೇಕಾದ ಹಣವು ಈ ಸಕ್ಕರೆಯ ಸೀಮೆಯಲ್ಲಿ ಇಲ್ಲವೆಂದು ಹೇಳಿದರೆ ಇರುವೆಯೂ ನಂಬಲಾರದು.

ಸುನೀಲ ಜೋಶಿಯವರು ದೊಡ್ಡವರೋ ಚಿಕ್ಕವರೋ ಎಂಬ ಪ್ರಶ್ನೆಯನ್ನು ಕೇಳುವ ಅಧಿಕಾರವು ಬೇರೆಯವರಿಗಿರಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೆ ಸದ್ಯಕ್ಕೆ ಅದಿಲ್ಲ. ಅವರು ತಮ್ಮ ಪಾಲಿನ 60 ಕಿಲೋಮೀಟರುಗಳನ್ನು ತಾವೇ ನಡೆಸಿಕೊಂಡರು. ತಮ್ಮ ವಿದ್ಯೆಯನ್ನು ಕಾಶ್ಮೀರಕ್ಕೂ ಢಾಕಾಕ್ಕೂ ಹೊತ್ತು ಕೊಟ್ಟರು. ದಾಯವನ್ನು ಗಳಿಸಿದವನು ಗಳಿಸಿಟ್ಟಿದ್ದಾನೆ. ಅಡ್ಡಿಯನ್ನು ತೆಗೆಯಬೇಕಾದ ಹಿರಿಯರು ಮನೆಯಲ್ಲಿ ಕುಳಿತು ಅವನ ಸರಾಸರಿಯನ್ನು ಲೆಕ್ಕ ಹಾಕುತ್ತಿರುವಾಗ, ವಾರಸುದಾರರು ಬೀದಿಯಲ್ಲಿ ಟೆನ್ನಿಸ್ ಚೆಂಡನ್ನು ಹುಡುಕುತ್ತಿದ್ದಾರೆ.